ಬರೆದೂ ಬಾರದ ಪದಗಳು

ಹತ್ತನೇ ತರಗತಿಯವರೆಗೆ ಮನೆಮಾತಿನಲ್ಲೇ ಓದಿ, ಎಲ್ಲರೂ ಭೇಷ್ ಅನ್ನುವಂತೆ ಪಾಸಾದ ಮಗು ಕಾಲೇಜು ಸೇರಿದ ಮೂರೇ ತಿಂಗಳಿಗೆ ಮಂಕಾಗುವುದನ್ನು ನೀವೂ ನೋಡಿರಬಹುದು. ಪುಸ್ತಕ ತೆರೆಯುತ್ತದೆ, ಒಂದೇ ಪುಟವನ್ನು ನೋಡುತ್ತಾ ಕೂರುತ್ತದೆ, ಮುಚ್ಚಿಡುತ್ತದೆ. ಯಾಕೆ ಅಂದರೆ ತಲೆನೋವು ಅನ್ನುತ್ತದೆ. ಮನೆಯಲ್ಲಿ ತಲೆನೋವಿನ ಮಾತ್ರೆ ಮುಗಿಯುತ್ತದೆ, ಪುಸ್ತಕದ ಆ ಪುಟ ಮಾತ್ರ ಮುಗಿಯುವುದಿಲ್ಲ. ಪೇಂಟರಣ್ಣನ ಮನೆಯಲ್ಲೂ ಆಗಿದ್ದು ಇಷ್ಟೇ.

ಪೇಂಟರಣ್ಣ ಅಂಗಡಿಗಳ ಬೋರ್ಡ್ ಬರೆಯುವವನು. ಮಿಷನ್ನಿನಲ್ಲಿ ಅಚ್ಚಾಗುವ ಬ್ಯಾನರುಗಳು ಬಂದ ಮೇಲೆ ಕೆಲಸ ಅರ್ಧಕ್ಕರ್ಧ ಇಳಿದಿತ್ತು. ಆದರೂ ತಗಡಿನ ಮೇಲೆ ಕೈಬರಹವೇ ಬೇಕು ಅನ್ನುವ ಹಳೇ ಗಿರಾಕಿಗಳು ಇನ್ನೂ ಅವನನ್ನು ಬಿಟ್ಟಿರಲಿಲ್ಲ. ಮೂವತ್ತು ವರ್ಷ ಏಣಿಯ ಮೇಲೆ ನಿಂತು ಕೈ ಎತ್ತಿ ಎತ್ತಿ ಬಲಭುಜ ಹಿಡಿದುಕೊಂಡುಬಿಟ್ಟಿತ್ತು. ಸಂಜೆ ಮನೆಗೆ ಬಂದರೆ ಅಂಗಿ ಬಿಚ್ಚಲೂ ಹೆಂಡತಿಯೇ ನೆರವಾಗಬೇಕು. ಆ ಹೆಂಡತಿಯೋ, ಬ್ರೆಡ್ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ಎಂಟು ಗಂಟೆ ನಿಂತು ಬಂದವಳು. ಇಬ್ಬರಲ್ಲಿ ಯಾರು ಯಾರಿಗೆ ನೆರವಾಗಬೇಕು ಅನ್ನುವುದೇ ಆ ಮನೆಯಲ್ಲಿ ದಿನವೂ ಒಂದು ಲೆಕ್ಕ.

ಇವರಿಗೆ ಒಬ್ಬಳೇ ಮಗಳು, ಮನೆಯಲ್ಲಿ ಕರೆಯುವುದು ಪುಟ್ಟಿ ಅಂತ. ಹದಿನೇಳು ತುಂಬಿದರೂ ಪುಟ್ಟಿಯೇ. ಶಾಲೆಯಲ್ಲಿ ಚುರುಕು. ವಿಜ್ಞಾನ ಅಂದರೆ ನೀರು ಕುಡಿದಷ್ಟು ಸುಲಭ ಅನ್ನುತ್ತಿದ್ದಳು. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿದ ದಿನ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಲ್ಲಿಗೆ ಹೋದರೆ ಪಾಠವೆಲ್ಲ ಇಂಗ್ಲಿಷ್. ಅದೇ ರಕ್ತ, ಅದೇ ನೀರು, ಅದೇ ಉಪ್ಪು. ಆದರೆ ಪುಸ್ತಕದಲ್ಲಿ ಎಲ್ಲವೂ ಮುಸುಕು ಹಾಕಿಕೊಂಡು ಕೂತಿದ್ದವು. ಮೊದಲ ಟೆಸ್ಟಿನಲ್ಲಿ ಐವತ್ತಕ್ಕೆ ಹನ್ನೊಂದು ಬಂತು.

ಆಗ ಪೇಂಟರಣ್ಣ ತನಗೆ ತೋಚಿದ ಮದ್ದು ಹುಡುಕಿದ. ಹಳೇ ಪುಸ್ತಕದ ಅಂಗಡಿಯಿಂದ ತಲೆದಿಂಬಿನಷ್ಟು ದಪ್ಪದ ಡಿಕ್ಷನರಿ ಹೊತ್ತು ತಂದ. ಎ ಅಕ್ಷರದಿಂದ ಶುರುಮಾಡಿ ದಿನಕ್ಕೆ ನಲವತ್ತು ಪದ, ಒಂದೊಂದನ್ನೂ ಹತ್ತು ಸಲ ಬರೆಯಬೇಕು ಅಂತ ಕಟ್ಟಪ್ಪಣೆ ಮಾಡಿದ. ಪದದ ಮುಂದೆ ಡಿಕ್ಷನರಿಯಲ್ಲಿರುವ ಅರ್ಥವನ್ನೂ ಒಂದು ಸಲ ಇಳಿಸಬೇಕು. ಅವನು ಕೆಲಸ ಕಲಿತದ್ದೇ ಹಾಗೆ. ಕೈ ಪಳಗಿದರೆ ತಲೆ ತಾನಾಗಿ ಪಳಗುತ್ತದೆ ಅಂತ ನಂಬಿದವನು. ದಿನವೂ ಸಂಜೆ ಮಗಳ ಪಕ್ಕ ಕೂತು, ಬೋರ್ಡಿಗೆ ಹಾಕುವಂತೆ ನೋಟ್‌ಬುಕ್ಕಿಗೂ ಸೀಸದಕಡ್ಡಿಯಲ್ಲಿ ತೆಳ್ಳಗೆ ಗೆರೆ ಹಾಕಿಕೊಡುತ್ತಿದ್ದ. ಒಂದು ಅಕ್ಷರದ ಹೊಟ್ಟೆ ದಪ್ಪವಾದರೆ, ಇನ್ನೊಂದರ ಬಾಲ ಕುಳ್ಳಾದರೆ ಅಳಿಸಿ ಬರೆಸುತ್ತಿದ್ದ. ಎರಡು ತಿಂಗಳಲ್ಲಿ ಐದು ನೋಟ್‌ಬುಕ್ ತುಂಬಿದವು. ನೋಡಿದವರು ಅಚ್ಚು ಹಾಕಿಸಿದ್ದಾ ಅಂತ ಕೇಳುವಷ್ಟು ಚಂದ. ಡಿಕ್ಷನರಿಯಲ್ಲಿ ಬಿ ಅಕ್ಷರದ ಹತ್ತಿರ ಬಂದಿದ್ದರು.

ಆ ಹೊತ್ತಿಗೆ ಒಂದು ಸೋಮವಾರ ಸಂಜೆ ಪುಟ್ಟಿ ನೋಟ್‌ಬುಕ್ಕಿನ ಬದಲು ಒಂದು ಹಾಳೆ ತಂದು ಅಪ್ಪನ ಮುಂದಿಟ್ಟಳು.

"ಇದಕ್ಕೊಂದು ಸಹಿ ಹಾಕಪ್ಪಾ. ಶನಿವಾರ ಮಧ್ಯಾಹ್ನದೊಳಗೆ ಆಫೀಸಿಗೆ ಕೊಡ್ಬೇಕು."

ಹಾಳೆ ಇಂಗ್ಲಿಷಿನಲ್ಲಿತ್ತು. ಪೇಂಟರಣ್ಣ ಅಭ್ಯಾಸಬಲದಿಂದ ಮೊದಲು ಅಕ್ಷರ ನೋಡಿದ, ಸಾಲು ನೋಡಿದ, ಮೇಲಿನ ಸಾಲು ಸ್ವಲ್ಪ ಎಡಕ್ಕೆ ಎಳೆದಿದೆ ಅಂದುಕೊಂಡ. ಆಮೇಲೆ ಇದೇನು ಅಂತ ಕೇಳಿದ.

"ಕಾಲೇಜು ಬಿಡ್ತೀನಿ ಅಂತ ಅರ್ಜಿ."

ಅವಳೇ ಬಿಡಿಸಿ ಹೇಳಿದಳು. ಈ ಶನಿವಾರದೊಳಗೆ ಬಿಟ್ಟರೆ ಶಾಲೆಯ ಸರ್ಟಿಫಿಕೇಟುಗಳನ್ನು ವಾಪಸ್ ಕೊಡುತ್ತಾರಂತೆ. ತಪ್ಪಿದರೆ ವರ್ಷ ಮುಗಿಯುವವರೆಗೂ ಕೊಡುವುದಿಲ್ಲವಂತೆ. ಅಮ್ಮನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಇಬ್ಬರು ಹುಡುಗಿಯರು ಬೇಕಾಗಿದ್ದಾರೆ, ಸೂಪರ್‌ವೈಸರ್ ಹತ್ತಿರ ಅವಳೇ ಹೋಗಿ ಕೇಳಿ ಬಂದಿದ್ದಾಳೆ. ಅಷ್ಟು ಹೇಳುವಾಗ ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪೇಂಟರಣ್ಣ ಹೆದರಿದ್ದು ಅದಕ್ಕೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಬೈಯೋಣ ಅಂದರೆ ಬೈಯುವಷ್ಟು ತ್ರಾಣ ಅವನಲ್ಲಿ ಇರಲಿಲ್ಲ. ನಲವತ್ತು ಸಾಲದೇನೋ, ದಿನಕ್ಕೆ ಅರವತ್ತು ಪದ ಮಾಡೋಣ ಅಂದ. ಪುಟ್ಟಿ ನಕ್ಕಳು. ಹದಿನೇಳರ ಹುಡುಗಿ ಹಾಗೆ ನಗಬಾರದು. ಬಲಗೈ ಚಾಚಿ ನಡುಬೆರಳು ತೋರಿಸಿದಳು. ಪೆನ್ನು ಒತ್ತಿ ಒತ್ತಿ ಅಲ್ಲೊಂದು ಗಂಟು ಕಟ್ಟಿತ್ತು. ಬ್ರಷ್ ಹಿಡಿದು ಅಪ್ಪನ ಬೆರಳಲ್ಲಿ ಎದ್ದಿದ್ದ ಗಂಟಿನ ತಂಗಿಯ ಹಾಗಿತ್ತು ಅದು.

"ನನ್ನ ತಲೇನೇ ಸರಿ ಇಲ್ಲಪ್ಪಾ" ಅಂದಳು. "ಎರಡು ತಿಂಗಳು ಬರ್ದೆ. ಕ್ಲಾಸಲ್ಲಿ ಕೂತ್ರೆ ಒಂದೂ ಅರ್ಥ ಆಗಲ್ಲ. ನೀನೂ ಸುಸ್ತಾಗ್ತೀಯ, ನಾನೂ ಸುಸ್ತಾಗ್ತೀನಿ. ಸಾಕು."

ಅರ್ಜಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಪೇಂಟರಣ್ಣ ಹೊರಗೆ ಬಂದ. ಮೆಟ್ಟಿಲ ಮೇಲೆ ಸಿಸ್ಟರಮ್ಮ ಕೂತಿದ್ದರು. ಮೇಲಿನ ಮನೆಯವರು, ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಮಹಡಿ ಹತ್ತುವ ಮೊದಲು ಕೆಳಗಿನ ಮೆಟ್ಟಿಲ ಮೇಲೆ ಕೂತು, ಊದಿದ ಪಾದಗಳನ್ನು ಬಿಸಿನೀರಿನ ಟಬ್ಬಿನಲ್ಲಿ ಇಳಿಬಿಡುವುದು ಅವರ ವಾಡಿಕೆ. ಬಿಸಿನೀರು ಪೇಂಟರಣ್ಣನ ಮನೆಯಿಂದ, ಟಬ್ಬು ಅವರದು. ಪೇಂಟರಣ್ಣ ಭುಜಕ್ಕೆ ಹಚ್ಚಲು ಮುಲಾಮು ಇದೆಯಾ ಅಂತ ಕೇಳಿದ. ಸಿಸ್ಟರಮ್ಮ ಚೀಲದಿಂದ ಟ್ಯೂಬ್ ತೆಗೆದು ಕೊಡುತ್ತಾ ಮುಖ ನೋಡಿ, ನೋವು ಭುಜದಲ್ಲಿ ಮಾತ್ರ ಇದ್ದಂತಿಲ್ಲವಲ್ಲ ಅಂದರು. ಅವನು ಹೇಳಬಾರದು ಅಂದುಕೊಂಡೇ ಎಲ್ಲ ಹೇಳಿದ.

"ಪುಟ್ಟೀನ ಕರೀರಿ ಅಣ್ಣ. ನೋಟ್‌ಬುಕ್ಕೂ ತರ್ಲಿ, ಪಾಠದ ಪುಸ್ತಕಾನೂ ತರ್ಲಿ. ನೀರು ತಣ್ಣಗಾಗೋವರೆಗೂ ನಾನಂತೂ ಏಳಲ್ಲ."

ಪುಟ್ಟಿ ಬೇಸರದಿಂದಲೇ ಬಂದು ನಿಂತಳು. ಹಿಂದೆಯೇ ಅವಳಮ್ಮ ಇನ್ನೊಂದು ಚೊಂಬು ಬಿಸಿನೀರು ತಂದು ಬಾಗಿಲಿಗೆ ಒರಗಿ ನಿಂತಳು. ಸಿಸ್ಟರಮ್ಮ ಮೊದಲ ನೋಟ್‌ಬುಕ್ ತಿರುವಿ ಹಾಕಿದರು.

"ಎಂಥ ಅಕ್ಷರ ಅಮ್ಮಾ ಇದು. ನಮ್ಮ ಡಾಕ್ಟರಿಗೆ ಇದರಲ್ಲಿ ಕಾಲುಭಾಗ ಬಂದಿದ್ರೂ ನನ್ನ ಕಣ್ಣು ಉಳೀತಿತ್ತು" ಅಂದರು. ಪೇಂಟರಣ್ಣನ ಮುಖ ಸ್ವಲ್ಪ ಅರಳಿತು. ಸಿಸ್ಟರಮ್ಮ ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದು ಮೊದಲ ಪುಟದ ಒಂದು ಪದ ಕೇಳಿದರು. "ಅಬ್ಡಿಕೇಟ್ ಅಂದ್ರೆ?"

ಪುಟ್ಟಿ ಯೋಚಿಸಿ ಯೋಚಿಸಿ, ಸಿಂಹಾಸನ ಬಿಡುವುದು ಇರಬೇಕು ಅಂದಳು.

"ಸರಿ. ನಿಮ್ಮ ಲ್ಯಾಬಲ್ಲಿ ಯಾವ ರಾಜ ಇದ್ದಾನೆ ಸಿಂಹಾಸನ ಬಿಡೋಕೆ?"

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಸಿಸ್ಟರಮ್ಮ ಪಾಠದ ಪುಸ್ತಕ ತೆಗೆಸಿ, ಈ ವಾರ ನಡೆದ ಪುಟದಲ್ಲಿ ಅರ್ಥವಾಗದ ಪದಗಳ ಕೆಳಗೆಲ್ಲ ಸೀಸದಕಡ್ಡಿಯಲ್ಲಿ ಗೆರೆ ಎಳೆಯಲು ಹೇಳಿದರು. ಹನ್ನೊಂದು ಪದ ಸಿಕ್ಕವು. ಅದರಲ್ಲಿ ಒಂದು ಅಬ್ಸಾರ್ಬ್. ಸಿಸ್ಟರಮ್ಮ ನೋಟ್‌ಬುಕ್ಕಿನ ಹಾಳೆಗಳನ್ನು ಮಗುಚುತ್ತಾ ಹೋಗಿ ಒಂದು ಕಡೆ ಬೆರಳಿಟ್ಟರು. ಅಬ್ಸಾರ್ಬ್, ಅಬ್ಸಾರ್ಬ್, ಅಬ್ಸಾರ್ಬ್. ಹತ್ತು ಸಲ, ಮುತ್ತು ಪೋಣಿಸಿದ ಹಾಗೆ. ಪುಟ್ಟಿ ಅದನ್ನು ನೋಡಿದಳು, ಪುಸ್ತಕದ ಗೆರೆ ನೋಡಿದಳು, ತಲೆ ತಗ್ಗಿಸಿದಳು.

ಪೇಂಟರಣ್ಣನಿಗೆ ರೇಗಿತು. ಮೂವತ್ತು ವರ್ಷ ಬರೆದೇ ಬದುಕಿದವನಿಗೆ, ಬರೆದದ್ದು ದಂಡ ಅಂತ ಮುಖಕ್ಕೆ ಹೊಡೆದ ಹಾಗೆ ತೋರಿಸಿದರೆ ಯಾರಿಗೆ ತಾನೇ ರೇಗುವುದಿಲ್ಲ? ಬರೆಯದೆ ಅಕ್ಷರ ಹೇಗೆ ಬರುತ್ತದೆ, ತನ್ನನ್ನೇ ನೋಡಿ, ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದಿದ್ದರೂ ಎಂಥ ಇಂಗ್ಲಿಷ್ ಪದವನ್ನಾದರೂ ಒಂದು ತಪ್ಪಿಲ್ಲದೆ ಬರೆಯುತ್ತೇನೆ ಅಂತ ವಾದಕ್ಕೆ ನಿಂತ.

"ಇವತ್ತು ಯಾವ ಬೋರ್ಡ್ ಬರೆದ್ರಿ ಅಣ್ಣ?" ಅಂತ ಸಿಸ್ಟರಮ್ಮ ಕೇಳಿದರು.

ಪಾತ್ರೆ ಅಂಗಡಿಯದು ಅಂದ. ಮೇಲೆ ಅಂಗಡಿಯ ಹೆಸರು, ಕೆಳಗೆ ಎಸ್ಟಾಬ್ಲಿಷ್ಡ್ ಅಂತ ಹಾಕಿ ಇಸವಿ. ಹಳೇ ಅಂಗಡಿಯವರೆಲ್ಲ ಅದನ್ನು ಹಾಕಿಸುತ್ತಾರೆ. ಅವನೇ ಇನ್ನೂರು ಮುನ್ನೂರು ಬೋರ್ಡಿನಲ್ಲಿ ಬರೆದಿರಬಹುದು. ಕಣ್ಣು ಮುಚ್ಚಿಕೊಂಡು ಬರೆಯಬಲ್ಲ.

"ಹಾಗಂದ್ರೇನು?"

ಪೇಂಟರಣ್ಣ ಕೈಯಲ್ಲಿದ್ದ ಮುಲಾಮಿನ ಟ್ಯೂಬನ್ನು ಒಮ್ಮೆ ತಿರುವಿ ನೋಡಿದ. ಆಮೇಲೆ, ಅದೇ, ಆ ವರ್ಷ ಅಂಗಡಿಗೆ ಸಿಕ್ಕಿದ ಏನೋ ಒಂದು ಲೈಸೆನ್ಸು ಇರಬೇಕು ಅಂದ. ಪುಟ್ಟಿಯೂ ಅಪ್ಪನ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

"ಶುರುವಾಗಿದ್ದು ಅಂತ ಅಷ್ಟೇ ಅಣ್ಣ. ಅಂಗಡಿ ಆ ವರ್ಷ ಶುರುವಾಯ್ತು ಅಂತ."

ಯಾರೂ ನಗಲಿಲ್ಲ. ಪೇಂಟರಣ್ಣ ಗೋಡೆಗೆ ಒರಗಿದ. ಮೂವತ್ತು ವರ್ಷ. ಇಷ್ಟು ದೊಡ್ಡ ಅಕ್ಷರದಲ್ಲಿ, ಬಿಸಿಲಲ್ಲಿ ನಿಂತು, ಬಾಲ ಹೊಟ್ಟೆ ಎಲ್ಲ ತಿದ್ದಿ ಬರೆದದ್ದು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದಣಿವಾಯಿತು.

ಸಿಸ್ಟರಮ್ಮ ಅವನನ್ನು ಅಲ್ಲಿಗೇ ಬಿಡಲಿಲ್ಲ. ಬರೀ ತಗಡಿಗೆ ಮೊದಲು ಏನು ಬಳಿಯುತ್ತೀರಿ ಅಂತ ಕೇಳಿದರು. ಪ್ರೈಮರ್ ಅಂದ. ಬಣ್ಣ ಗಟ್ಟಿಯಾದರೆ? ಥಿನ್ನರ್. ಮಿರಿಮಿರಿ ಮಿಂಚುವ ಬಣ್ಣಕ್ಕೆ? ಗ್ಲಾಸಿ. ಮಿಂಚದೇ ಇರುವುದಕ್ಕೆ? ಮ್ಯಾಟ್. ಪಟಪಟನೆ ಬಂದವು ಉತ್ತರಗಳು.

"ಇವನ್ನ ಎಷ್ಟು ಸಲ ಬರೆದು ಕಲಿತ್ರಿ?"

ಪೇಂಟರಣ್ಣ ಯೋಚಿಸಿದ. ಪ್ರೈಮರ್ ಅನ್ನುವುದನ್ನು ಅವನು ಜೀವಮಾನದಲ್ಲಿ ಒಂದು ಸಲವೂ ಬರೆದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಮೇಸ್ತ್ರಿ ಪ್ರೈಮರ್ ತಾ ಅಂದಾಗ ಥಿನ್ನರ್ ಡಬ್ಬಿ ತೆಗೆದುಕೊಂಡು ಹೋಗಿ, ಬೀದಿಗೆಲ್ಲ ಕೇಳುವಂತೆ ಬೈಸಿಕೊಂಡಿದ್ದ. ಮಾರನೇ ದಿನ ಮತ್ತೆ ಕೇಳಿದಾಗ ಡಬ್ಬಿ ನೋಡಿ ನೆನಪು ಮಾಡಿಕೊಂಡು ಸರಿಯಾದದ್ದನ್ನೇ ಒಯ್ದಿದ್ದ. ಮೂರು ದಿನ ಬಿಟ್ಟು ಮತ್ತೆ, ಮುಂದಿನ ವಾರ ಮತ್ತೆ. ಅಷ್ಟೇ. ಬರೆದ ಪದ ಒಂದೂ ಬಂದಿರಲಿಲ್ಲ, ಬಳಸಿದ ಪದ ಒಂದೂ ಹೋಗಿರಲಿಲ್ಲ.

"ಅಯ್ಯೋ" ಅಂದ ಅವನು, ಮೆಲ್ಲಗೆ. "ಎರಡು ತಿಂಗಳು ನಿನ್ನ ಕೈಲಿ ಬೋರ್ಡ್ ಬರೆಸಿದೆನಲ್ಲೇ ಮಗಳೇ."

ಸಿಸ್ಟರಮ್ಮ ಟಬ್ಬಿಗೆ ಬಿಸಿನೀರು ಸುರಿಸಿಕೊಂಡು ತಮ್ಮ ಕಥೆ ಹೇಳಿದರು. ಅವರೂ ಹೀಗೇ ಮನೆಮಾತಿನ ಶಾಲೆಯಿಂದ ನರ್ಸಿಂಗಿಗೆ ಹೋದವರು. ಮೊದಲ ವರ್ಷವೆಲ್ಲ ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದರಂತೆ. ವಾರ್ಡಿನ ಹಿರಿಯ ನರ್ಸ್ ಒಬ್ಬರು ಅಲ್ಲಿಂದ ಹೊರಗೆಳೆದು, ಏಪ್ರನ್ ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಕಲಿಯುವುದನ್ನು ತೋರಿಸಿಕೊಟ್ಟರಂತೆ.

"ಡಿಕ್ಷನರಿ ಕೆಟ್ಟದ್ದಲ್ಲ ಪುಟ್ಟಿ. ಆದ್ರೆ ಅದು ಅನುಮಾನ ಬಂದಾಗ ನೋಡೋದು, ಎ ಇಂದ ಅರೆದು ಕುಡಿಯೋದಲ್ಲ. ನಿನಗೆ ಬೇಕಾದ ಪದ ನಿನ್ನ ಪಾಠದಲ್ಲೇ ಇದೆ. ಯಾವುದು ಪುಟಪುಟಕ್ಕೂ ಎದುರು ಬರುತ್ತೋ ಅದನ್ನ ಮೊದಲು ಹಿಡಿ. ದಿನಕ್ಕೆ ಐದು ಸಾಕು."

ಐದು ಅಂದಾಗ ಪೇಂಟರಣ್ಣನಿಗೆ ಮತ್ತೆ ಅನುಮಾನ. ನಲವತ್ತರಲ್ಲಿ ಆಗದ್ದು ಐದರಲ್ಲಿ ಆಗುತ್ತದೆಯೇ? ದಿನಕ್ಕೆ ಐದು ಅಂದರೆ ವರ್ಷಕ್ಕೆ ಸಾವಿರದ ಎಂಟುನೂರು ದಾಟುತ್ತದೆ, ಅದರಲ್ಲಿ ಅರ್ಧ ಉಳಿದರೂ ಪುಟ್ಟಿ ತನ್ನ ಪುಸ್ತಕ ತಾನೇ ಓದಿಕೊಳ್ಳುತ್ತಾಳೆ, ಈಗ ಎರಡು ಸಾವಿರ ಬರೆದು ಉಳಿದದ್ದೆಷ್ಟು ಅಂತ ಸಿಸ್ಟರಮ್ಮ ಕೇಳಿದರು.

ಚೀಟಿ ಮಾಡುವ ಬಗೆಯನ್ನೂ ಹೇಳಿಕೊಟ್ಟರು. ಪದ ಸಿಕ್ಕ ಕೂಡಲೇ ಡಿಕ್ಷನರಿಗೆ ಹಾರಬಾರದು. ಹಿಂದಿನ ಮುಂದಿನ ಸಾಲು ಓದಿ, ಏನಿರಬಹುದು ಅಂತ ಮೊದಲು ಊಹೆ ಮಾಡಬೇಕು. ಆಮೇಲೆ ನೋಡಿ ಸರಿಪಡಿಸಿಕೊಳ್ಳಬೇಕು. ಚೀಟಿಯ ಒಂದು ಕಡೆ ಪದ. ಹಿಂದುಗಡೆ ಅರ್ಥ, ಜೊತೆಗೆ ಆ ಪದ ಹಾಕಿ ಒಂದು ಸಣ್ಣ ಇಂಗ್ಲಿಷ್ ವಾಕ್ಯ. ವಾಕ್ಯ ಪುಸ್ತಕದಿಂದ ಇಳಿಸಿದ್ದಾಗಿರಬಾರದು, ಮನೆಯಲ್ಲಿ ಬೀದಿಯಲ್ಲಿ ಕಣ್ಣಾರೆ ಕಂಡದ್ದಾಗಿರಬೇಕು. ಬಾಯಿಬಿಟ್ಟು ಹೇಳಬೇಕು. ಹೇಗೆ ಹೇಳುವುದು ಅಂತ ಗೊತ್ತಿಲ್ಲದಿದ್ದರೆ ಮೇಷ್ಟ್ರನ್ನು ಕೇಳಬೇಕು, ಮೊಬೈಲಿನಲ್ಲಿ ಕೇಳಿಸಿಕೊಳ್ಳಬೇಕು.

"ಮಾರನೇ ದಿನ ಚೀಟಿಯ ಮುಂದಿನ ಕಡೆ ಮಾತ್ರ ನೋಡು. ನೆನಪು ಮಾಡ್ಕೊಳ್ಳೋಕೆ ಒದ್ದಾಡು. ಒದ್ದಾಡಿದ ಮೇಲೇ ತಿರುಗಿಸಿ ನೋಡ್ಬೇಕು. ಬಂತಾ, ಅದನ್ನ ಮೂರು ದಿನ ಬಿಟ್ಟು ನೋಡು, ಆಮೇಲೆ ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು. ಬರ್ಲಿಲ್ವಾ, ನಾಳೆಯ ಚೀಟಿಗಳ ಕಟ್ಟಿಗೆ ಮತ್ತೆ ಸೇರಿಸು."

ನೀರು ತಣ್ಣಗಾಗಿತ್ತು. ಸಿಸ್ಟರಮ್ಮ ಪಾದ ಒರೆಸಿಕೊಂಡು, ಒಂದೊಂದೇ ಮೆಟ್ಟಿಲು ಹಿಡಿದುಕೊಂಡು ಮೇಲೆ ಹೋದರು.

ಪೇಂಟರಣ್ಣ ಜೇಬಿನಿಂದ ಅರ್ಜಿ ತೆಗೆದು ಮಗಳಿಗೆ ತೋರಿಸಿದ. "ಶುಕ್ರವಾರದವರೆಗೆ ಇದನ್ನ ಮಾಡಿ ನೋಡು. ಆಮೇಲೂ ಬೇಡ ಅನ್ಸಿದ್ರೆ ಸಹಿ ಹಾಕ್ತೀನಿ. ಒಂದು ಮಾತೂ ಆಡಲ್ಲ." ಅವನಿಗೇನೂ ದೊಡ್ಡ ನಂಬಿಕೆ ಬಂದಿರಲಿಲ್ಲ. ನಾಲ್ಕು ದಿನವಾದರೂ ಮುಂದಕ್ಕೆ ಹೋಗಲಿ ಅನ್ನುವುದು ಒಳಗಿನ ಆಸೆ. ಬೋರ್ಡಿನ ಅಕ್ಷರಕ್ಕೆ ಅಚ್ಚು ಕತ್ತರಿಸಿ ಉಳಿದ ದಪ್ಪ ರಟ್ಟಿನ ಚೂರುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವನ್ನೇ ಚೌಕವಾಗಿ ಕತ್ತರಿಸಿಕೊಟ್ಟ. ಪುಟ್ಟಿ ಆ ಸಂಜೆಯೇ ಮೊದಲ ಐದು ಚೀಟಿ ತುಂಬಿಸಲು ಕೂತಳು. ಅವಳ ಮುಖ ನೋಡಿದರೆ ಶುಕ್ರವಾರ ಯಾವಾಗ ಬರುತ್ತದೋ ಅಂತ ಕಾಯುತ್ತಿರುವಂತಿತ್ತು.

ಅಬ್ಸಾರ್ಬ್ ಪದವನ್ನೇ ಮೊದಲು ತೆಗೆದುಕೊಂಡಳು. ಅರ್ಥ ಹೀರಿಕೊಳ್ಳುವುದು ಅಂತ. ಆದರೆ ಮನೆಯಲ್ಲಿ ಕಂಡ ವಾಕ್ಯ ಎಲ್ಲಿಂದ ತರುವುದು? ಮಂಗಳವಾರ ಸಂಜೆ ಪೇಂಟರಣ್ಣ ಅಂಗಳದಲ್ಲಿ ಹೊಸ ಮರದ ಹಲಗೆಗೆ ಪ್ರೈಮರ್ ಬಳಿಯುತ್ತಿದ್ದ. ಒಣಮರ, ಬಳಿದಷ್ಟೂ ಕುಡಿಯುತ್ತಿತ್ತು. ಹಾಳು ಹಲಗೆ, ಡಬ್ಬಿಯನ್ನೇ ಹೀರುತ್ತಿದೆ ಅಂತ ಗೊಣಗಿಕೊಂಡ. ಪುಟ್ಟಿ ತಲೆ ಎತ್ತಿ ನೋಡಿದಳು. ಅಪ್ಪ ಇನ್ನೊಂದು ಸಲ ಬಳಿದ, ಅದೂ ಇಂಗಿತು. ಅವಳು ಚೀಟಿಯ ಹಿಂದೆ ಬರೆದು ಓದಿದಳು: "ಡ್ರೈ ವುಡ್ ಅಬ್ಸಾರ್ಬ್ಸ್ ಪೇಂಟ್."

ಪೇಂಟರಣ್ಣನ ಬ್ರಷ್ ನಿಂತಿತು. ಪೇಂಟ್ ಗೊತ್ತು, ವುಡ್ ಗೊತ್ತು, ಡ್ರೈ ಗೊತ್ತು. ನಡುವಿನದು ಇದೀಗ ಕಣ್ಣೆದುರಲ್ಲೇ ನಡೆಯುತ್ತಿದೆ. ಇದೇನಾ ಅದು, ಇಷ್ಟೇನಾ, ಅಂತ ಕೇಳಿದ. ಇಷ್ಟೇ ಅಂದಳು.

ಆಮೇಲೆ ಅವರಿಬ್ಬರಿಗೂ ಅದೊಂದು ಕೆಲಸವೇ ಆಯಿತು. ಪಾಠದಲ್ಲಿ ಡೈಲ್ಯೂಟ್ ಅಂತ ಬಂದರೆ ಅಪ್ಪ ಥಿನ್ನರ್ ಹಾಕಿ ಬಣ್ಣ ತೆಳ್ಳಗೆ ಮಾಡುವುದು. ಇವ್ಯಾಪೊರೇಟ್ ಅಂದರೆ ಮುಚ್ಚಳ ಹಾಕದೆ ಬಿಟ್ಟ ಡಬ್ಬಿಯಿಂದ ಥಿನ್ನರ್ ಆವಿಯಾಗಿ ಹೋಗುವುದು. ಸರ್ಫೇಸ್ ಅಂದರೆ ಉಜ್ಜಿ ನಯ ಮಾಡುವ ತಗಡಿನ ಮೈ. ಒಂದು ಪದ ಬಂದರೆ ಅದರ ಮನೆಯವರನ್ನೂ ವಿಚಾರಿಸು ಅಂತ ಸಿಸ್ಟರಮ್ಮ ಮೆಟ್ಟಿಲಿಂದಲೇ ಕೂಗಿ ಹೇಳಿದ್ದರು. ಹಾಗಾಗಿ ಡೈಲ್ಯೂಟ್ ಚೀಟಿಯ ಮೂಲೆಯಲ್ಲಿ ಡೈಲ್ಯೂಷನ್ನೂ ಸೇರಿಕೊಂಡಿತು. ಪೇಂಟರಣ್ಣ ಮಗಳಿಗೆ ಇಂಗ್ಲಿಷ್ ಕಲಿಸಲಿಲ್ಲ, ಅವನಿಗೆ ಅದು ಬರುತ್ತಲೂ ಇರಲಿಲ್ಲ. ಅವಳು ಪದ ಕೇಳಿದಾಗ ಅದರ ವಸ್ತುವನ್ನು ತೋರಿಸಿದ, ಅಷ್ಟೇ.

ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು ಅಂದರೆ ಸುಳ್ಳಾಗುತ್ತದೆ. ಬುಧವಾರ ಹತ್ತು ಚೀಟಿಯಲ್ಲಿ ನಾಲ್ಕು ಮರೆತುಹೋಗಿದ್ದವು. ಪುಟ್ಟಿ ಕಟ್ಟನ್ನು ಗೋಡೆಗೆ ಎಸೆದು ಮುಸುಕೆಳೆದು ಮಲಗಿಬಿಟ್ಟಳು. ಪೇಂಟರಣ್ಣ ಭುಜ ನೀವಿಕೊಳ್ಳುತ್ತಾ ಚೀಟಿಗಳನ್ನು ಒಂದೊಂದಾಗಿ ಆರಿಸಿಕೊಂಡ. ಇನ್ನು ಸಹಿ ಹಾಕಿಬಿಡುವುದೇ ವಾಸಿಯೇನೋ ಅಂತ ಹೆಂಡತಿಯ ಹತ್ತಿರ ಹೇಳಿದ.

"ನನ್ನ ಪಕ್ಕ ನಿಲ್ಲೋ ಹುಡುಗೀಗೆ ಹದಿನೆಂಟು ವರ್ಷ ರೀ" ಅಂದಳು ಅವಳು. "ದಿನಕ್ಕೆ ಎರಡು ಸಾವಿರ ಬ್ರೆಡ್ಡಿಗೆ ಚೀಲ ಹಾಕ್ತಾಳೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕೈ ನಡುಗುತ್ತೆ ಅವಳಿಗೆ. ನಾನು ಆ ಸೂಪರ್‌ವೈಸರ್ ಹತ್ರ ಮಾತಾಡಿಲ್ಲ, ಮಾತಾಡೋದೂ ಇಲ್ಲ."

ಪೇಂಟರಣ್ಣ ಚೀಟಿ ತೆಗೆದುಕೊಂಡು ಮೆಟ್ಟಿಲಿಗೆ ಹೋದ. ಸಿಸ್ಟರಮ್ಮನಿಗೆ ಅವತ್ತು ಡಬಲ್ ಡ್ಯೂಟಿ, ಕಾಲು ಇಳಿಬಿಡುವಷ್ಟೂ ಶಕ್ತಿ ಇರಲಿಲ್ಲ. ಆರು ಉಳಿದಿವೆಯಲ್ಲ ಅಣ್ಣ, ಮೊದಲು ಎಷ್ಟು ಉಳಿಯುತ್ತಿದ್ದವು ಅಂತ ಮಾತ್ರ ಕೇಳಿದರು. ಮರೆತು ಮತ್ತೆ ನೆನಪು ಮಾಡಿಕೊಂಡ ಪದವೇ ಗಟ್ಟಿಯಾಗಿ ನಿಲ್ಲುವುದು, ನಾಲ್ಕನ್ನು ನಾಳೆಯ ಕಟ್ಟಿಗೆ ಸೇರಿಸಿ ಅಂದು ಮೇಲೆ ಹತ್ತಿದರು. ಅವನು ಒಳಗೆ ಬಂದು ಆ ನಾಲ್ಕನ್ನು ಬೇರೆ ಮಾಡಿ ಮಗಳ ಚೀಲದ ಮೇಲಿಟ್ಟ.

ಗುರುವಾರ ಬೆಳಿಗ್ಗೆ ಪುಟ್ಟಿ ಅವನ್ನು ಬಸ್ಸಿನಲ್ಲಿ ನೋಡಿಕೊಂಡಳು. ಶುಕ್ರವಾರ ಸಂಜೆಗೆ ಇಪ್ಪತ್ತೈದು ಚೀಟಿಯಾಗಿತ್ತು, ಹದಿನೇಳು ಬಾಯಲ್ಲಿದ್ದವು. ಪೇಂಟರಣ್ಣ ಅರ್ಜಿಯನ್ನು ತಂದು ಅವಳ ಮುಂದಿಟ್ಟು, ಪಕ್ಕದಲ್ಲಿ ಪೆನ್ನೂ ಇಟ್ಟ. ಮಾತು ಕೊಟ್ಟಿದ್ದನಲ್ಲ.

ಪುಟ್ಟಿ ಅದನ್ನು ನೋಡದೆ ಪಾಠದ ಪುಸ್ತಕ ತೆರೆದಳು. ಸೋಮವಾರ ಹನ್ನೊಂದು ಗೆರೆ ಎಳೆದ ಅದೇ ಪುಟ. ರಬ್ಬರ್ ತೆಗೆದುಕೊಂಡು ಗೊತ್ತಾದ ಪದಗಳ ಕೆಳಗಿನ ಗೆರೆ ಅಳಿಸುತ್ತಾ ಹೋದಳು. ಏಳು ಅಳಿಸಿದಳು. ನಾಲ್ಕು ಉಳಿದವು.

"ಇವತ್ತು ಕ್ಲಾಸಲ್ಲಿ ಮೇಡಂ ಸ್ಯಾಂಪಲ್ ಡೈಲ್ಯೂಟ್ ಮಾಡಿ ಅಂದ್ರು" ಅಂದಳು. "ಎಲ್ಲರೂ ಪಕ್ಕದವರ ಮುಖ ನೋಡ್ತಿದ್ರು. ನಾನು ನೀರಿನ ಬಾಟ್ಲಿ ಕೈಗೆ ತಗೊಂಡೆ ಅಪ್ಪಾ. ಯೋಚನೆ ಮಾಡ್ದೇನೇ ತಗೊಂಡೆ."

"ಹಾಗಾದ್ರೆ ಇದು?"

"ಬೇಡ."

"ನಾಳೆ ತಪ್ಪಿದ್ರೆ ಆಮೇಲೆ ಬಿಡೋಕಾಗಲ್ಲ ಅಂದ್ಯಲ್ಲ. ವರ್ಷಪೂರ್ತಿ ಇದೇ ಗೋಳು ಇರುತ್ತೆ."

"ಗೊತ್ತು" ಅಂದಳು. ಅವಳ ದನಿಯಲ್ಲಿ ಈಗಲೂ ಸುಸ್ತಿತ್ತು. ಪೇಂಟರಣ್ಣ ಪೆನ್ನನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅವಳಮ್ಮ ಒಳಗಿಂದ ಬಂದು ಆ ಹಾಳೆಯನ್ನು ತೆಗೆದುಕೊಂಡು ಹೋಗಿ ಒಲೆಗೆ ಹಾಕಿದಳು.

ಎರಡನೇ ಟೆಸ್ಟ್ ಬರುವ ಹೊತ್ತಿಗೆ ಒಂಬತ್ತು ವಾರ ಕಳೆದಿತ್ತು. ನಡುವೆ ಜ್ವರ ಬಂದು ಒಂದು ವಾರ ಚೀಟಿ ಮುಟ್ಟಿರಲಿಲ್ಲ, ಆ ವಾರದ್ದೆಲ್ಲ ಮರೆತು ಮತ್ತೆ ಕಲಿತಳು. ಐವತ್ತಕ್ಕೆ ಇಪ್ಪತ್ತೆರಡು ಬಂತು. ಪಾಸಾಗಲು ಇಪ್ಪತ್ತು ಬೇಕು. ಯಾರೂ ಸಿಹಿ ಹಂಚುವಂಥ ಅಂಕವಲ್ಲ. ಪುಟ್ಟಿ ಉತ್ತರಪತ್ರಿಕೆ ತಂದು ಅಪ್ಪನ ಕೈಗೆ ಕೊಟ್ಟಳು. ಅವಸರದಲ್ಲಿ ಬರೆದ ಅಕ್ಷರ, ಹೊಟ್ಟೆ ದಪ್ಪ, ಬಾಲ ಕುಳ್ಳು, ಸಾಲು ಸೊಟ್ಟ. ಪೇಂಟರಣ್ಣ ಒಂದಕ್ಷರವನ್ನೂ ತಿದ್ದಲು ಹೋಗದೆ ಅದನ್ನು ಮಡಿಲಲ್ಲಿಟ್ಟುಕೊಂಡ.

"ನನಗೆ ಅರ್ಥ ಗೊತ್ತಿಲ್ಲ ಅಂತ ನಿನ್ನ ಮುಂದೆ ಹೇಳೋಕೆ ನಾಚಿಕೆ ಆಗ್ತಿತ್ತು ಮಗಳೇ" ಅಂದ. "ಅದಕ್ಕೇ ಅಕ್ಷರ ತಿದ್ದಿಸ್ತಾ ಕೂತಿದ್ದೆ. ನೀನು ನನ್ನಿಂದಾಗಿ ಓದು ಬಿಟ್ಟಿದ್ರೆ, ನಿನ್ನ ತಲೆ ಸರಿ ಇಲ್ಲ ಅಂತಾನೇ ನಾವಿಬ್ಬರೂ ಸಾಯೋವರೆಗೂ ನಂಬಿಕೊಂಡಿರ್ತಿದ್ವಿ."

ಪುಟ್ಟಿ ಅಪ್ಪನ ಭುಜಕ್ಕೆ ಮುಲಾಮು ಹಚ್ಚಲು ಕೂತಳು.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವೂ ಹೀಗೆ ಪುಸ್ತಕ ತೆರೆದು ಮುಚ್ಚುತ್ತಿದ್ದರೆ ದಯವಿಟ್ಟು ದಡ್ಡ ಅನ್ನಬೇಡಿ. ಅದಕ್ಕೆ ಬುದ್ಧಿ ಕಮ್ಮಿಯಾಗಿಲ್ಲ, ಪದ ಕಮ್ಮಿಯಾಗಿದೆ. ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ನೀವು ಹೊಲಿಯುವವರೋ, ಗಾಡಿ ರಿಪೇರಿ ಮಾಡುವವರೋ, ಅಡುಗೆ ಮಾಡುವವರೋ ಆಗಿರಿ, ಮಗುವಿನ ಪಾಠದಲ್ಲಿರುವ ಎಷ್ಟೋ ಪದಗಳ ವಸ್ತು ನಿಮ್ಮ ಕೈಯಲ್ಲೇ ಇದೆ. ಅದನ್ನು ತೋರಿಸಿ. ವಿದ್ಯಾರ್ಥಿಗಳೇ, ನೀವು ದಿನಕ್ಕೆ ಐದೇ ಪದ ಹಿಡಿಯಿರಿ. ನಿಮ್ಮದೇ ಪಾಠದಿಂದ ಆರಿಸಿ, ನಿಮ್ಮದೇ ವಾಕ್ಯದಲ್ಲಿ ಹಾಕಿ, ಬಾಯಿಬಿಟ್ಟು ಹೇಳಿ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ನೋಡದೆ ನೆನಪು ಮಾಡಿಕೊಳ್ಳಿ. ಮರೆತರೆ ಅಳಬೇಡಿ, ಮತ್ತೆ ಕಟ್ಟಿಗೆ ಸೇರಿಸಿ. ಬೇಗ ಆಗುವ ಕೆಲಸ ಇದಲ್ಲ, ಸುಸ್ತೂ ಆಗುತ್ತದೆ.

ಓದು ಬಿಡಿಸುವ ಕಾಗದಕ್ಕೆ ಸಹಿ ಹಾಕಲು ಯಾರ ಕೈಯಲ್ಲಾದರೂ ಈಗ ಪೆನ್ನು ಇದ್ದರೆ, ಅದನ್ನು ಒಂದು ವಾರ ಕೆಳಗಿಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಪುಟದಲ್ಲಿ ನಿನಗೆ ಗೊತ್ತಿಲ್ಲದ ಪದ ಯಾವುದು ಅಂತ ಕೇಳಿ. ನಿಮಗೂ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಅಂತಲೇ ಹೇಳಿ.